ಮೆಟ್ಟಿಲ ಮೇಲೆ ಕೂತಿದ್ದ ದರ್ಜಿ ತಾತ

ಜೂನ್ ೧೧, ಬುಧವಾರ

ಇವತ್ತು ಅಕ್ಕನ ಕಣ್ಣಾಸ್ಪತ್ರೆಗೆ ರಜೆ. ಮರೆತು ಬಂದ ಚಾರ್ಜರ್ ತರಲು ಹೋದರೆ, ಬೀಗ ಹಾಕಿದ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಪಕ್ಕದ ಬೀದಿಯ ದರ್ಜಿ ತಾತ ಕೂತಿದ್ದರು. ಎರಡೂ ಕಣ್ಣು ಮಂಜು, ಕೈಯಲ್ಲಿ ಪರದೆಯ ಅಕ್ಷರ ಓದಿ ಹೇಳುವ ಫೋನು.

"ವೆಬ್‌ಸೈಟಲ್ಲಿ ರಜೆ ಅಂತ ಹಾಕಿದ್ನಲ್ಲ ತಾತ?"

"ಕೇಳ್ದೆ ಕಣಮ್ಮ. ಫೋನು 'ಚಿತ್ರ' ಅಂತು, ಸುಮ್ಮನಾಯ್ತು. ಚೆನ್ನಾಗಿರೋ ಚಿತ್ರಾನೇ ಹಾಕಿರ್ತೀಯ ಬಿಡು."

ಬೈದಿದ್ದರೂ ಇಷ್ಟು ಚುಚ್ಚುತ್ತಿರಲಿಲ್ಲ. ವೆಬ್‌ಸೈಟ್ ನಡೆಸುವ ನಮ್ಮ ಹಳೇ ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ತಿದ್ದಿದರೂ ಪುಟವೆಲ್ಲ ಚೆಲ್ಲಾಪಿಲ್ಲಿ. ಅದಕ್ಕೇ ಸೂಚನೆಯನ್ನು ಬೇರೆಡೆ ಬರೆದು, ಫೋಟೊ ಮಾಡಿ ಅಂಟಿಸುವುದು ರೂಢಿಯಾಗಿಬಿಟ್ಟಿದೆ. ಫೋಟೊದೊಳಗಿನ ಅಕ್ಷರ ತಾತನ ಫೋನಿಗೆ ಓದಲು ಬಾರದು. ಕಣ್ಣಾಸ್ಪತ್ರೆಯ ಸೂಚನೆ ಕಣ್ಣು ಕಾಣುವವರಿಗೆ ಮಾತ್ರ!

ಹೊಸ ಸಾಫ್ಟ್‌ವೇರ್ ಎಂದೋ ಸಿದ್ಧವಾಗಿದೆ. ಸಂಜೆ, ಅದಕ್ಕೆ ಬದಲಾಯಿಸೋಣ ಎಂದರೆ ಅಕ್ಕನದು ಮತ್ತೆ ಅದೇ ರಾಗ: "ತಪಾಸಣೆ ಶಿಬಿರ ಮುಗೀಲಿ ಕಣೇ. ಈಗ ಕೈಹಾಕಿ ಎಡವಟ್ಟಾದ್ರೆ?"

"ಎಡವಟ್ಟು ಆಗ್ಲೇ ಆಗಿದೆ ಅಕ್ಕಾ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತಿತ್ತು."

ತಾತನ ಕತೆಯನ್ನೆಲ್ಲ ಅಕ್ಕ ಕೇಳಿಸಿಕೊಂಡಳು. ಆಮೇಲೆ, "ಸರಿ, ನಿನ್ನಿಷ್ಟ" ಎಂದಳು. ಶನಿವಾರ ಸಂಜೆ ಬದಲಾಯಿಸುವುದು, ಭಾನುವಾರವಿಡೀ ತಪ್ಪು ತಿದ್ದುವುದು ಎಂದುಕೊಂಡೆ. ಹಳೇ ಫೋಟೊಗಳು ಹಿಂದುಮುಂದಾದರೆ ಆಗಲಿ. ಮೊದಲು ರಜೆಯ ದಿನಗಳು ಅಕ್ಷರದಲ್ಲಿ ಬರಬೇಕು.

ಈಗ ಮಲಗುವ ಮುಂಚೆ, ಕಣ್ಣು ಮುಚ್ಚಿಕೊಂಡು ಫೋನಿಗೆ ನಮ್ಮ ಪುಟ ಓದಲು ಹೇಳಿದೆ. ರಜೆ, 'ಚಿತ್ರ'. ಸಮಯ, 'ಚಿತ್ರ'. ತುರ್ತಾದರೆ ಕರೆ ಮಾಡಬೇಕಾದ ಅಕ್ಕನ ನಂಬರ್, ಅದೂ 'ಚಿತ್ರ'.

ಶನಿವಾರವಲ್ಲ, ನಾಳೆ ಸಂಜೆಯೇ. ಅಕ್ಕ ಏನಾದರೂ ಅಂದರೆ, ಅವಳ ಕಣ್ಣಿಗೂ ಬಟ್ಟೆ ಕಟ್ಟಿ ಈ ಪುಟ ಕೇಳಿಸುತ್ತೇನೆ.