ಎದುರು ಮನೆಯಲ್ಲಿ ನಮ್ಮ ಡಬ್ಬಿ

ವಿಮಾನ ನಗರ, ಪುಣೆ
ಏಪ್ರಿಲ್ ೬, ೨೦೨೫

ಪ್ರೀತಿಯ ಅವ್ವ,

ಮೊಣಕಾಲು ನೋವು ಹೇಗಿದೆ? ಅಣ್ಣ ಎಣ್ಣೆ ತಂದುಕೊಟ್ಟನೋ, ಇಲ್ಲ ನೀನೇ ಬೇಡವೆಂದೆಯೋ? ನಾವೆಲ್ಲ ಆರಾಮ. ನಿನ್ನ ಮೊಮ್ಮಗಳು ಪ್ರಣೀತಾಳ ಸುದ್ದಿ ಮಾತ್ರ ಹೇಳಲೇಬೇಕು.

ಎದುರು ಮನೆಗೆ ಯಾರೋ ಅಜ್ಜ ಒಬ್ಬರೇ ಬಂದು ವರ್ಷವಾಯಿತು. ಬಾಗಿಲಿಗೆ ಹೆಸರಿಲ್ಲ. ಲಿಫ್ಟಿನಲ್ಲಿ ಸಿಕ್ಕರೆ ಮರಾಠಿಯಲ್ಲಿ ಒಂದು ಮಾತು, ಅಷ್ಟೇ. ಅವರು ಒಳಗೆ ಏನು ಮಾಡುತ್ತಾರೆ ಎಂಬುದೇ ಪ್ರಣೀತಾಳ ಚಿಂತೆ. ಹೋಳಿ ಹುಣ್ಣಿಮೆಗೆ ತಾನೇ ಹೋಗಿ ಹೋಳಿಗೆಯ ಡಬ್ಬಿ ಕೊಟ್ಟು ಬಂದಳು. ಕೈಯಷ್ಟೇ ಹೊರಗೆ ಬಂತಂತೆ. ಮೂರು ವಾರವಾದರೂ ಡಬ್ಬಿ ಬರಲಿಲ್ಲ. ದಿನಾ ಮಧ್ಯಾಹ್ನ ಒಳಗಿನಿಂದ ಟಕ್ ಟಕ್ ಸದ್ದು, ಸುಟ್ಟ ವಾಸನೆ. "ಮಮ್ಮಿ, ಅಜ್ಜಾರಿಗೆ ನಮ್ಮ ಹೋಳಿಗಿ ಸೇರಲಿಲ್ಲೇನ? ನನ್ನ ಮ್ಯಾಲೆ ಸಿಟ್ಟಾಗ್ಯಾರೇನ?" ಎಂದು ಮುಖ ಸಣ್ಣ ಮಾಡಿಕೊಂಡು ಕೇಳುತ್ತಿದ್ದಳು.

ನಿನ್ನೆ ಅವಳು ಆ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದಾಗ ಒಳಗಿನಿಂದ, "ಯಪ್ಪಾ, ಕೈ ಸುಟಗೊಂಡ್ನಲ್ಲೋ!" ಎಂಬ ಕೂಗು. ಅಚ್ಚ ನಮ್ಮ ಕಡೆಯ ಮಾತು! "ಅಜ್ಜಾ, ನೀವು ನಮ್ಮವರ ಅದೀರಿ! ಬಾಗಲಾ ತಗೀರಿ!" ಎಂದು ಇವಳು ಬಡಿದ ಸದ್ದಿಗೆ ನಾನೂ ಓಡಿದೆ. ಬಾಗಿಲು ತೆರೆಯಿತು. ಅವರೂ ಇಷ್ಟು ದಿನ ನಮ್ಮನ್ನು ಮರಾಠಿಯವರೆಂದೇ ತಿಳಿದಿದ್ದರಂತೆ. ಎರಡು ಬಾಗಿಲ ನಡುವೆ ನಾಲ್ಕೇ ಹೆಜ್ಜೆ, ದಾಟಲು ವರ್ಷ ಹಿಡಿಯಿತು ನೋಡು. ಹೆಸರು ಲಾಲಪ್ಪ, ಊರು ಮುಧೋಳ. ಅಡುಗೆಮನೆ ತುಂಬ ಶೇಂಗಾ ಸಿಪ್ಪೆ. ನಮ್ಮ ಡಬ್ಬಿಯನ್ನು ತೊಳೆದು ಒರೆಸಿ ದೇವರ ಪಕ್ಕದಲ್ಲಿಟ್ಟಿದ್ದಾರೆ! "ಖಾಲಿ ಡಬ್ಬಿ ತಿರುಗಿ ಕೊಡಬಾರದಂತ ತೀರಿಹೋದ ನಮ್ಮಾಕಿ ಹೇಳತಿದ್ಲರಿ. ನನಗ ಚಹಾ ಬಿಟ್ಟರ ಏನೂ ಬರೂದಿಲ್ಲ. ಶೇಂಗಾ ಉಂಡಿ ಕಟ್ಟಾಕ ಹೋದ್ರ ಗುಂಡಕಲ್ಲ ಆಗ್ಯಾವ!" ಎಂದರು. ಟಕ್ ಟಕ್ ಎಂದದ್ದು ಆ ಉಂಡಿ ಒಡೆಯುವ ಸುತ್ತಿಗೆ. ಪ್ರಣೀತಾ ಒಂದನ್ನು ಬಾಯಿಗೆ ಹಾಕಿಕೊಂಡು, "ಚಿಂತಿ ಮಾಡಬ್ಯಾಡ್ರಿ ಅಜ್ಜಾ, ನನ್ನ ಹಲ್ಲು ಬಿದ್ದರ ಹೊಸಾವು ಬರತಾವ" ಎಂದಳು. ಅವರು ನಕ್ಕ ನಗುವಿಗೆ ಕೆಳಗಿನ ಮನೆಯವರು ಕಿಟಕಿ ತೆರೆದರು.

ಅಣ್ಣ, ಅತ್ತಿಗೆಗೆ ನೆನೆಸಿದೆನೆಂದು ಹೇಳು. ನಿನ್ನ ಪಾದಗಳಿಗೆ ನಮ್ಮೆಲ್ಲರ ನಮಸ್ಕಾರ.

ನಿನ್ನ ಮಗಳು,
ತ್ರಿವೇಣಿ

ತಾ.ಕ.: ಮುಖ್ಯವಾದದ್ದೇ ಉಳಿಯಿತು. ಉಂಡಿಯ ಪಾಕದ ಹದ ನೀನು ಬರೆದು ಕಳಿಸಬೇಕು. ನಾನು ಕಲಿಸಹೋದರೆ ಲಾಲಪ್ಪನವರು ಒಲ್ಲೆ ಎನ್ನುತ್ತಾರೆ. ಡಬ್ಬಿ ಕೊಟ್ಟವರನ್ನೇ ಕೇಳಿ ಡಬ್ಬಿ ತುಂಬುವುದು ಮರ್ಯಾದೆಯಲ್ಲವಂತೆ. ಅದು ತುಂಬುವ ತನಕ ದಿನಾ ಶಾಲೆ ಬಿಟ್ಟ ಮೇಲೆ ಬಂದು ನೋಡಿ ಹೋಗಲು ಪ್ರಣೀತಾಳಿಗೆ ಅಪ್ಪಣೆಯಾಗಿದೆ. ಈಗ ನನ್ನ ಭುಜದ ಮೇಲಿಂದ ಬಗ್ಗಿ ಹೇಳುತ್ತಿದ್ದಾಳೆ: "ಅಜ್ಜಿಗೆ ಬರಿ ಮಮ್ಮಿ, ಭಾಳ ಸಾವಕಾಶ ಕಳಸು ಅಂತ."