ಹಾಲಿನ ಹಕ್ಕು

ಮುನಿರಾಬಾದ್
೧೪ ಡಿಸೆಂಬರ್ ೨೦೨೪, ಶನಿವಾರ ಮಧ್ಯಾಹ್ನ

ಅತ್ತೆ ಗಂಗಾವತಿಗೆ ಹೋಗಿದ್ದಾರೆ. ಅಸ್ಲಮ ಕೆಲಸದ ಮೇಲಿದ್ದಾನೆ. ಕೂಸು ಮಲಗಿದೆ.

ಪ್ರೀತಿಯ ಹೇಮಾ,

ಕ್ಷೇಮವಾಗಿದ್ದೀ ಎಂದು ನಂಬಿದ್ದೇನೆ. ಮೊನ್ನೆ ನಿಮ್ಮನೆಯವರು, ದುರಗೇಶಣ್ಣ, ಸಿಕ್ಕಿದ್ದರು. ಸಂಕ್ರಾಂತಿ ಮುಗಿಸಿಕೊಂಡು ನೀನು ತವರಿನಿಂದ ಬರುತ್ತೀ ಎಂದರು. ಯಲಬುರ್ಗಾಕ್ಕೆ ಹೋದ ಮೇಲೆ ನೀನು ನಾಲ್ಕು ಸಲ ಫೋನ್ ಮಾಡಿದೆ, ಮಗುವಿನ ಫೋಟೊ ಕೇಳಿದೆ. ನೆಟ್‌ವರ್ಕ್ ಇಲ್ಲ ಎಂದು ಅಸ್ಲಮನ ಕೈಲಿ ಹೇಳಿಸಿದೆ. ಕಾಲೊನಿಯಲ್ಲಿ ನೆಟ್‌ವರ್ಕ್ ಚೆನ್ನಾಗಿಯೇ ಇದೆ. ಕ್ಷಮಿಸು. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದು ಬಾಯಿಗೆ ಬರುವುದಿಲ್ಲ. ಅದಕ್ಕೇ ಈ ಕಾಗದ.

ಹಸೀಬಾಗೆ ಆರು ತಿಂಗಳು ತುಂಬಿತು. ಈಗ ಐದೂವರೆ ಕಿಲೊ. ಎರಡು ದಿನದಿಂದ ತಾನೇ ಮಗುಚಿಕೊಳ್ಳುತ್ತಾಳೆ, ಆಮೇಲೆ ಹೊರಳಲು ಬಾರದೆ ನಮ್ಮನ್ನೇ ಬೈಯುವ ಹಾಗೆ ಕೂಗುತ್ತಾಳೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ನನ್ನ ಕಡೆಯಿಂದ ಅದನ್ನು ನಾನು ಒಮ್ಮೆಯೂ ಹೇಳಿಲ್ಲ. ಪಕ್ಕಪಕ್ಕದ ಕ್ವಾರ್ಟರ್ಸಿನಲ್ಲಿ ನಾವಿಬ್ಬರೂ ಬಸುರಿಯರು. ನಿನ್ನ ಗಂಡುಮಗು ದಿನ ತುಂಬಿ ಹುಟ್ಟಿ ಎರಡನೆಯ ದಿನ ಹೋಯಿತು. ಅದಾಗಿ ಒಂಬತ್ತನೆಯ ದಿನಕ್ಕೆ ನನ್ನದು ಏಳು ತಿಂಗಳಿಗೇ ಹುಟ್ಟಿ ಕೊಪ್ಪಳದ ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಸೇರಿತು. ನನಗೆ ಹಾಲು ಬರಲಿಲ್ಲ. ನಿನ್ನ ಹಾಲು ಬತ್ತಲೆಂದು ಹೆಂಗಸರು ನಿನ್ನ ಎದೆಗೆ ಮಲ್ಲಿಗೆ ಹೂ ಕಟ್ಟಿದ್ದರು. ನಮ್ಮತ್ತೆ ಹುಸೇನಬೀ ನಿನ್ನ ಬಾಗಿಲಿಗೆ ಬಂದು ಸೆರಗೊಡ್ಡಿದರು. “ಹೇಮವ್ವಾ, ಆ ಹೂವ ಬಿಚ್ಚವ್ವಾ. ನನ್ನ ಮೊಮ್ಮಗಳು ಹಸದಾಳ.” ನೀನು ನಿಂತಲ್ಲೇ ಬಿಚ್ಚಿದೆಯಂತೆ.

ಡಾಕ್ಟರು ನಿನ್ನ ರಕ್ತ ಪರೀಕ್ಷೆ ಮಾಡಿಸಿ ಒಪ್ಪಿದರು. ಹಸಿ ಬಾಣಂತಿ ನೀನು, ದಿನಾ ಬಸ್ಸಿನಲ್ಲಿ ಬಂದೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹಿಂಡುತ್ತಿದ್ದೆವು. ನನ್ನ ಬಟ್ಟಲಿನ ತಳ ಒದ್ದೆಯಾಗುತ್ತಿರಲಿಲ್ಲ, ನಿನ್ನದು ತುಂಬುತ್ತಿತ್ತು. ಆಯಾ ಸಣ್ಣವ್ವ “ಹಾಲಿನವ್ವ ಬಂದ್ಲು, ದಾರಿ ಬಿಡ್ರಿ” ಎಂದು ನಗುತ್ತಿದ್ದಳು. ನನ್ನನ್ನು ಕರೆಯುತ್ತಿದ್ದದ್ದು ಸಹಿ ಬೇಕಾದಾಗ. ನೀನು ಮಾತಾಡಿದರೆ ಕೂಸು ತಲೆ ಹೊರಳಿಸುತ್ತಿತ್ತು. ನನ್ನ ದನಿಗೆ ಹೊರಳಿಸಿದ್ದನ್ನು ನಾನು ನೋಡಲಿಲ್ಲ.

ನಿನ್ನ ತೊಟ್ಟಿಲು ಖಾಲಿ ಎಂದು ಗೊತ್ತಿತ್ತು. ಗೊತ್ತಿದ್ದೂ ಹೊಟ್ಟೆ ಉರಿಯಿತು. ಇಪ್ಪತ್ಮೂರನೆಯ ದಿನ ನನಗೆ ಹಾಲು ಇಳಿದದ್ದೇ ತಡ, “ಸಾಕು ಹೇಮಾ, ನೀ ಭಾಳ ದಣದಿ, ನಾಳಿಂದ ಬರಬ್ಯಾಡ” ಎಂದೆ. ನೀನು ಅದನ್ನು ಕರುಣೆ ಎಂದುಕೊಂಡು ನನ್ನ ಕೈ ಹಿಡಿದುಕೊಂಡೆ.

ಇನ್ನೊಂದು ವಿಷಯ ನಿನಗೆ ಯಾರೂ ಹೇಳಿಲ್ಲ. ಹೇಳಗೊಡಲಿಲ್ಲ ನಾನು. ನಮ್ಮಲ್ಲಿ ಹಾಲು ಕೊಟ್ಟವಳೂ ತಾಯಿಯೇ. ನಾಳೆ ನಿನಗೆ ಹುಟ್ಟುವ ಮಕ್ಕಳು ಹಸೀಬಾಗೆ ಒಡಹುಟ್ಟಿದವರಂತೆ. ಹೆಸರಿಡುವ ದಿನ ಅತ್ತೆ ಹಟ ಹಿಡಿದರು. “ಹೆತ್ತಾಕಿ ಒಬ್ಬಾಕಿ, ಹಾಲು ಕೊಟ್ಟಾಕಿ ಒಬ್ಬಾಕಿ. ಹೇಮಾ ಕೂಸಿನ ದೂಧ್‌ಮಾ. ಮೊದಲ ಆಕಿ ಮಡಿಲಾಗ ಹಾಕಬೇಕು, ಅದು ಆಕಿ ಹಕ್ಕ.”

“ಬ್ಯಾಡ್ರಿ ಅತ್ತಿ,” ಎಂದೆ, “ಕೂಸು ನೋಡಿದ್ರ ಆಕಿಗೆ ತನ್ನ ಮಗ ನೆನಪಾಗ್ತಾನ.” ಎಲ್ಲರೂ ಮುಬಾಶಿರಾ ಎಷ್ಟು ತಿಳಿದವಳು ಎಂದರು. ನಿಜವೆಂದರೆ, ಕೂಸು ನಿನ್ನ ಗುರುತು ಹಿಡಿದೀತು ಎಂದು ನನಗೆ ಭಯ.

ಹೋದ ವಾರ ಅವಳು ನನ್ನ ಎದೆ ಬಿಟ್ಟು ಮುಖ ತಿರುಗಿಸಿದಾಗ ಅಸ್ಲಮ ಚೇಷ್ಟೆ ಮಾಡಿದ. “ಮೊದಲ ಕುಡಿದದ್ದು ಯಲಬುರ್ಗಾದ ಹಾಲು. ನಿಂದು ಸಪ್ಪಗ ಹತ್ತತೈತಿ.” ಅತ್ತೆಯೂ ನಕ್ಕರು. ನಾನು ಎದ್ದು ಹಿತ್ತಲಿಗೆ ಹೋದೆ. ಆರು ತಿಂಗಳಾದರೂ ಆರದ ಈ ಕಿಚ್ಚು ನೋಡಿ ನನಗೇ ನಾಚಿಕೆಯಾಯಿತು.

ನಿನ್ನ ಮಡಿಲು ತುಂಬಲಿ ಎಂದು ಎಲ್ಲರೂ ಹರಸುತ್ತಾರೆ. ನಿನಗೆ ಕಣ್ತುಂಬ ನಿದ್ದೆ ಬರಲಿ, ಊಟ ರುಚಿಸಲಿ ಎಂದು ನನ್ನ ದುವಾ. ನಿಮ್ಮವ್ವನಿಗೆ ನಮಸ್ಕಾರ ತಿಳಿಸು.

ನಿನ್ನ
ಮುಬಾಶಿರಾ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ: ಎಂಟನೆಯ ದಿನ ನಿನ್ನ ಹಾಲಿನ ಬಟ್ಟಲು ಕೈಜಾರಿ ಬಿತ್ತು ಎಂದಿದ್ದೆ. ಜಾರಲಿಲ್ಲ. ಬಚ್ಚಲಿಗೆ ಒಯ್ದು ಸುರಿದೆ. ಒಳಗೆ ಕೂಸು ಹಸಿದಿರುವುದು ಗೊತ್ತಿತ್ತು. ಅವತ್ತು ನಿನಗೆ ಜ್ವರ. “ಚೆಲ್ಲಿಲ್ಲ ಬಿಡ ಮುಬೀ, ಉಕ್ಕೇತಿ ಅಂತ ತಿಳಕೊ” ಎಂದು ನನ್ನನ್ನು ನಗಿಸಿ, ಮತ್ತೆ ಒಂದು ತಾಸು ಕೂತು ಹಿಂಡಿದೆ.

ಬರುವ ಶುಕ್ರವಾರ ಕೂಸನ್ನು ಎತ್ತಿಕೊಂಡು ನಿನ್ನಲ್ಲಿಗೆ ಬರುತ್ತೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ಅಷ್ಟರಲ್ಲಿ ಈ ಕಾಗದ ನಿನಗೆ ಮುಟ್ಟಿರುತ್ತದೆ. ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಬಾಗಿಲಲ್ಲಿ ಅವಳನ್ನಷ್ಟೇ ಒಳಗೆ ಕರೆದುಕೋ. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಸಂಜೆ ಬಸ್ಸಿನ ಹೊತ್ತಿಗೆ ಕೊಟ್ಟರಾಯಿತು.