ಅಕ್ಕನ ಕಾಲು, ನನ್ನ ಉಸಿರು

ಶಹಾಪುರ
೩ ಜುಲೈ, ಬೆಳಿಗ್ಗೆ ೭-೧೦

ಸನ್ಮಾನ್ಯ ಸಭಾಧ್ಯಕ್ಷರೇ, ನಿರ್ಣಾಯಕರೇ, ಟಿಕೆಟ್ ಇಲ್ಲದೆ ಒಳನುಗ್ಗಿದ ನೊಣಗಳೇ! ಉಸಿರು ಬಿಗಿಹಿಡಿಯುವ ಪಂದ್ಯದ ಏಕೈಕ ಸ್ಪರ್ಧಿ ಭಾಗಣ್ಣ, ಬಿ.ಎ. ಎರಡನೇ ದರ್ಜೆ, ವಯಸ್ಸು ನಲವತ್ತಾರು, ಇಂದು ನಲವತ್ತೊಂದನೇ ಸೆಕೆಂಡಿಗೆ ಔಟ್.

ನಿಯಮ ಸರಳ. ಸುಗಲಮ್ಮಕ್ಕನ ಕಾಲಿನ ಪಟ್ಟಿ ಬಿಚ್ಚುವ ಮೊದಲು ಉಸಿರು ಎಳೆದುಕೊಳ್ಳಬೇಕು. ಕೀವು ಒರೆಸಿ, ಮುಲಾಮು ಹಚ್ಚಿ, ಹೊಸ ಹತ್ತಿ ಇಟ್ಟು ಮುಚ್ಚಿದ ಮೇಲೆಯೇ ಬಿಡಬೇಕು.

ಶುಗರ್ ಹುಣ್ಣು. ವಾಸನೆ — ಗೋಣಿಚೀಲದಲ್ಲಿ ಇಲಿ ಸತ್ತು, ಮೇಲೆ ಯಾರೋ ಬೆಲ್ಲದ ಪಾಕ ಸುರಿದ ಹಾಗೆ. ನಾಷ್ಟಾಕ್ಕೆ ಮಂಡಕ್ಕಿಯ ಸುಸಲಾ ಇತ್ತು. ಅರ್ಧ ಬಿಟ್ಟೆ.

೫ ಜುಲೈ

ನಲವತ್ತೊಂಬತ್ತು! ಉಪಾಯ ಸಿಕ್ಕಿತು. ಕಣ್ಣು ಅರ್ಧ ಮುಚ್ಚಿ, ತುಟಿಯಲ್ಲೇ ಪ್ರಾಸ ಕಟ್ಟುವುದು:

ಹುಣ್ಣೇ ಹುಣ್ಣೇ ಕಾಲಿನ ಹುಣ್ಣೇ,
ಬಿಡಿಸಿದೆ ನನ್ನ ರೊಟ್ಟಿ ಬೆಣ್ಣೆ.

ಕೊನೆಗೆ ಮುಖ ತಿರುಗಿಸಲೂ ಆಗದೆ ಕಾಲಿನ ಮೇಲೇ ಫೂ ಎಂದು ಬಿಟ್ಟೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಏನಕ್ಕಾ?"

"ಏನಿಲ್ಲ. ನೀ ಮಾಡು."

೧೧ ಜುಲೈ

ಬಾಗಿಲಲ್ಲಿ ಪಕ್ಕದ ಮನೆಯ ಚಮನಬೀ. ಬೆನ್ನಿಗೆ ಸರ್ಪಸುತ್ತು.

"ಭಾಗಣ್ಣ, ನನಗೂ ಒಂದ್ ಸಲ ಊದೋ ಯಪ್ಪಾ."

"ಏನ್ ಊದ್ಲಿ ಚಾಚಿ?"

"ಉಸರು ಕಟ್ಟಿ ಮಂತರ ಹಾಕಿ ಊದ್ತಿಯಂತ, ನಿಮ್ಮಕ್ಕನ ಹೇಳ್ಯಾಳ. ಇಷ್ಟು ವರ್ಷ ಒಬ್ರಿಗೂ ಹೇಳಿಲ್ಲ, ಎಂಥಾ ಕಂಜೂಸ್ ಅದೀಯೋ!"

ನಮ್ಮ ಕಡೆ ಚೇಳಿಗೂ ಸರ್ಪಸುತ್ತಿಗೂ ಹೀಗೇ ಊದಿಸಿಕೊಳ್ಳುತ್ತಾರೆ. ಮಂತ್ರ ಮುಗಿಯುವತನಕ ಊದುವವನು ಉಸಿರು ಬಿಡಬಾರದು. ನನ್ನ ಆಟದ ನಿಯಮವೇ.

ನಗು ಬಂತು. ಆದರೂ ಊದಿದೆ. ಥೂ.

೧೪ ಜುಲೈ

ಇವತ್ತು ಊದಿಸಿಕೊಳ್ಳಲು ಮೂವರು ಬಂದಿದ್ದರು. ಚಹಾದಂಗಡಿಯಲ್ಲಿ ನಮ್ಮ ಓಣಿಯ ಅಮಾತೆಪ್ಪ ಎದ್ದು ಜಾಗ ಬಿಟ್ಟುಕೊಟ್ಟ. ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದರೂ ಯಾರೂ ಎದ್ದಿರಲಿಲ್ಲ.

೧೬ ಜುಲೈ

ಯಾದಗಿರಿಯ ಡಾಕ್ಟರು: ಹೆಬ್ಬೆರಳು ಕಪ್ಪಾಗಿದೆ. ಈಗಲೇ ತೆಗೆದರೆ ಪಾದ ಉಳಿಯುತ್ತದೆ. ತಡವಾದರೆ ಮೊಣಕಾಲಿನತನಕ... ಆಮೇಲೆ ಜೀವ.

ಬಸ್ಸಿನಲ್ಲಿ ಅಕ್ಕ, "ನಾ ಒಲ್ಲೆ. ನೀ ಊದಾಕತ್ತಿಂದ ನೋವು ಒಂಚೂರೂ ಇಲ್ಲ."

"ನೋವಿಲ್ಲಂದ್ರ ಒಳಗ ಸತ್ತೈತಂತ ಅಕ್ಕಾ. ಡಾಕ್ಟರ್ ಹೇಳಿದ್ದು ಕೇಳಿಲ್ಲೇನು?"

"ಅವರಿಗೇನ್ ಗೊತ್ತೈತಿ? ಹೊಟ್ಟ್ಯಾಗ ಹುಟ್ಟಿದ ನಂದಿನಿ ಮೂಗಿಗೆ ಸೆರಗು ಹಿಡ್ಕೊಂಡು ನಿಂತಳು. ನೀ ಹೇಸ್ಕೊಳ್ಳಾರ್ದ ಕುಂದರ್ತಿ. ಅದರಾಗೈತಿ ಗುಣ."

ಹೇಳಬೇಕಿತ್ತು. ಕಿಟಕಿ ಕಡೆ ನೋಡಿದೆ. ಇವತ್ತು ಆ ಕಾಲಿಗಿಂತ ನಾನೇ ಹೆಚ್ಚು ನಾರುತ್ತಿದ್ದೇನೆ.

೨೦ ಜುಲೈ, ಬೆಳಿಗ್ಗೆ ೬-೪೦

ಕಪ್ಪು ಎರಡನೇ ಬೆರಳಿಗೂ ಬಂದಿದೆ.

ಉಸಿರು ಹಿಡಿಯಲಿಲ್ಲ. ಪಟ್ಟಿ ಬಿಚ್ಚಿ, ಬಗ್ಗಿ, ಪೂರ್ತಿ ಉಸಿರು ಎಳೆದೆ. ಅಲ್ಲೇ ವಾಂತಿ. ಅಕ್ಕನ ಸೀರೆಗೂ ಸಿಡಿಯಿತು.

"ಅಕ್ಕಾ, ಮಂತ್ರ ಗಿಂತ್ರ ಏನೂ ಇಲ್ಲ. ಕಾಲು ನಾರತೈತಿ. ಮೊದಲನೇ ದಿನದಿಂದ ನನಗ ತಡಕೊಳ್ಳಾಕ ಆಗಿಲ್ಲ. ಅದಕ್ಕ ಉಸರು ಹಿಡೀತಿದ್ದೆ."

ಅಕ್ಕ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಸುರಪುರಕ್ಕ ಫೋನ್ ಹಚ್ಚು. ನಂದಿನಿ ಬರ್ಲಿ. ದವಾಖಾನಿಗೆ ಆಕಿ ಜೋಡಿ ಹೋಗ್ತೀನಿ."

"ನಾನೂ ಬರ್ತೀನಿ ಅಕ್ಕಾ."

"ನೀ ಬರಬ್ಯಾಡ. ಆಕಿಯಾದ್ರ ನನ್ನ ಎದುರಿಗೇ ಮೂಗು ಮುಚ್ಚಿಕೋತಾಳ."

ಅದೇ ದಿನ, ಮಧ್ಯಾಹ್ನ

ನಂದಿನಿಯ ಮೆಸೇಜ್. ಎರಡು ಬೆರಳು ತೆಗೆಯುತ್ತಾರಂತೆ. ಪಾದ ಉಳಿಯಬಹುದು.

ಹದಿನಾರನೇ ತಾರೀಖಿಗೇ ಬಾಯಿ ಬಿಟ್ಟಿದ್ದರೆ ಒಂದೇ ಬೆರಳು ಹೋಗುತ್ತಿತ್ತು. ಬಿಡಲಿಲ್ಲ. ಅಕ್ಕನಿಗೆ ಬೇಜಾರಾದೀತು ಅಂತಲ್ಲ. ಓಣಿಯಲ್ಲಿ ನಮಸ್ಕಾರ ಬೀಳುತ್ತಿದ್ದವು. ನನಗದು ಸೇರಿತ್ತು. ಎರಡನೇ ಬೆರಳು ಶುಗರಿಗೆ ಹೋದದ್ದಲ್ಲ, ಅದನ್ನು ನಾನು ಆ ನಮಸ್ಕಾರಗಳಿಗೆ ಮಾರಿಕೊಂಡೆ.